ಒಂದೇ ಲೆಕ್ಕ, ಐದು ತಪ್ಪು ಉತ್ತರ: ಕಳೆಯೋದನ್ನು ಕಲಿಸುವಾಗ ನೋಡಬೇಕಾದ್ದು ಏನು?

503ರಿಂದ 267 ಕಳೆದರೆ 236. ಈ ಲೆಕ್ಕವನ್ನು ಮೂರನೇ ತರಗತಿಯ ಮಕ್ಕಳಿಗೆ ಕೊಟ್ಟು ನೋಡಿ. ಸರಿ ಉತ್ತರದ ಜೊತೆಗೆ 364, 336, 146, 266, 206 ಕೂಡ ಬರಬಹುದು. ಕೆಂಪು ಪೆನ್ನು ಹಿಡಿದು ಕೂತರೆ ಇವೆಲ್ಲಕ್ಕೂ ಒಂದೇ ಗುರುತು. ಪೆನ್ನು ಕೆಳಗಿಟ್ಟು ಒಂದು ನಿಮಿಷ ನೋಡಿದರೆ ಬೇರೆಯೇ ಕಾಣುತ್ತದೆ. ಇವುಗಳಲ್ಲಿ ಒಂದೂ ಸುಮ್ನೆ ಬಾಯಿಗೆ ಬಂದ ಸಂಖ್ಯೆ ಅಲ್ಲ. ಪ್ರತಿಯೊಂದರ ಹಿಂದೆಯೂ ಒಂದು ನಿಯಮ ಇದೆ. ಮಗು ಆ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದೆ. ನಿಯಮವೇ ತಪ್ಪು, ಅಷ್ಟೇ.

ಶಾಲೆಯಲ್ಲಿ ಕಲಿಸುವವರಿಗೂ, ಮನೆಯಲ್ಲಿ ಮಗುವಿನ ಪಕ್ಕ ಕೂತು ಹೋಂವರ್ಕ್ ಮಾಡಿಸುವವರಿಗೂ ಇದೊಂದು ವಿಷಯ ಗೊತ್ತಿದ್ದರೆ ಮುಂದಿನ ಕೆಲಸವೇ ಬದಲಾಗುತ್ತದೆ. "ಗಮನ ಇಟ್ಟು ಮಾಡು" ಅಂತ ಗದರುವ ಬದಲು, ಮಗು ಯಾವ ನಿಯಮ ಹಿಡಿದು ಹೊರಟಿದೆ ಅಂತ ಹುಡುಕುತ್ತೇವೆ.

ಒಂದೊಂದಾಗಿ ನೋಡೋಣ.

364 ಬರೆದ ಮಗು ಬಿಡಿ ಸ್ಥಾನದಲ್ಲಿ 3ರ ಕೆಳಗೆ 7 ಇರೋದನ್ನು ನೋಡಿತು. 3ರಿಂದ 7 ಹೋಗೋದಿಲ್ಲ. ಹಾಗಾಗಿ 7ರಿಂದ 3 ಕಳೆದು 4 ಬರೆಯಿತು. ಹತ್ತರ ಸ್ಥಾನದಲ್ಲಿ 0 ಮೇಲೆ, 6 ಕೆಳಗೆ. ಅಲ್ಲೂ ತಿರುಗಿಸಿ 6 ಬರೆಯಿತು. ನೂರರಲ್ಲಿ 5ರಿಂದ 2 ಹೋಗಿ 3. ಮೇಲೆ ಇರಲಿ, ಕೆಳಗೆ ಇರಲಿ, ದೊಡ್ಡದರಿಂದ ಚಿಕ್ಕದನ್ನು ಕಳೆ: ಇದು ಆ ಮಗುವಿನ ನಿಯಮ.

336 ಬರೆದ ಮಗು ಇದಕ್ಕಿಂತ ತುಂಬ ಮುಂದೆ ಹೋಗಿದೆ. ಬಿಡಿಯಲ್ಲಿ 13 ಮಾಡಿಕೊಂಡು 7 ಕಳೆದು 6 ಬರೆಯಿತು. ಹತ್ತರ ಸೊನ್ನೆಯನ್ನು ಹೊಡೆದು 9 ಮಾಡಿತು. 9ರಿಂದ 6 ಹೋದರೆ 3. ಎಲ್ಲ ಸರಿ. ಆದರೆ ಆ 9 ಎಲ್ಲಿಂದ ಬಂತು ಅನ್ನೋದು ಮರೆತುಹೋಯಿತು. ನೂರರ 5 ಹಾಗೇ ಉಳಿಯಿತು. ಉತ್ತರ ಸರಿಯಾಗಿ 100 ಜಾಸ್ತಿ. ಸೊನ್ನೆ ಕಂಡರೆ 9 ಮಾಡಬೇಕು ಅನ್ನುವ ಕೈಚಳಕ ಬಂದಿದೆ, ಅದರ ಕಾರಣ ಬಂದಿಲ್ಲ.

146 ಬರೆದ ಮಗು ಸೊನ್ನೆಯನ್ನು ದಾಟಿ ನೇರವಾಗಿ 5ರ ಹತ್ತಿರ ಹೋಯಿತು. 5 ಅನ್ನು 4 ಮಾಡಿ ಬಿಡಿಗೆ ಹತ್ತು ತಂದಿತು. ಹತ್ತರ ಸ್ಥಾನದಲ್ಲಿ ಮತ್ತೆ ಕೊರತೆ ಬಿತ್ತು. ಮತ್ತೆ 4 ಅನ್ನು 3 ಮಾಡಿ 10 ತಂದಿತು. 10ರಿಂದ 6 ಹೋಗಿ 4, 3ರಿಂದ 2 ಹೋಗಿ 1. ಇಲ್ಲಿ ಒಂದು ನೂರು ಬಿಡಿಯ ಮನೆಗೆ ಬಂದು ಬರೀ ಹತ್ತಾಗಿದೆ. ಉಳಿದ 90 ಏನಾಯಿತು ಅಂತ ಮಗು ಕೇಳಿಕೊಂಡಿಲ್ಲ. ಉತ್ತರ ಸರಿಯಾಗಿ 90 ಕಡಿಮೆ ಬಂದಿರೋದು ಅದಕ್ಕೇ.

266 ಮತ್ತು 206 ಬರೆದವರೂ ಹೀಗೇ ಸೊನ್ನೆ ದಾಟಿ ಹೋದವರು. ಆಮೇಲೆ ಹತ್ತರ ಸ್ಥಾನದಲ್ಲಿ ಒಬ್ಬರು 0 ಮತ್ತು 6ನ್ನು ತಿರುಗಿಸಿ 6 ಬರೆದರು. ಇನ್ನೊಬ್ಬರು "ಸೊನ್ನೆಯಲ್ಲಿ ಏನೂ ಇಲ್ಲ, ಏನು ಕಳೆಯೋದು?" ಅಂದುಕೊಂಡು 0 ಬರೆದರು.

ಅಮೆರಿಕದ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಇಂಥ ತಪ್ಪುಗಳ ಬಗ್ಗೆ ಬರೆದರು. ಕಂಪ್ಯೂಟರ್ ಪ್ರೋಗ್ರಾಮಿನ ದೋಷಕ್ಕೆ ಬಗ್ ಅನ್ನುತ್ತಾರಲ್ಲ, ಆ ಹೆಸರನ್ನೇ ಇವಕ್ಕೂ ಕೊಟ್ಟರು. 'ಬಗ್ಗಿ' ಅನ್ನುವ ಪ್ರೋಗ್ರಾಮ್ ಕೂಡ ಮಾಡಿದರು. ಅದರಲ್ಲಿ ಕಂಪ್ಯೂಟರೇ ತಪ್ಪು ಮಾಡುವ ಮಗುವಾಗುತ್ತದೆ. ಶಿಕ್ಷಕರಾಗಲು ಕಲಿಯುತ್ತಿರುವವರು ಅದಕ್ಕೆ ಬೇರೆ ಬೇರೆ ಲೆಕ್ಕ ಕೊಡುತ್ತಾ, ಉತ್ತರ ನೋಡುತ್ತಾ, ಒಳಗಿರುವ ತಪ್ಪು ನಿಯಮವನ್ನು ಕಂಡುಹಿಡಿಯಬೇಕು. ಎರಡು ವರ್ಷದ ನಂತರ ಬ್ರೌನ್ ಅವರೇ ಕರ್ಟ್ ವ್ಯಾನ್‌ಲೆನ್ ಜೊತೆ ಸೇರಿ ಇನ್ನೊಂದು ಮಾತು ಹೇಳಿದರು. ಲೆಕ್ಕದ ಮಧ್ಯೆ ಮುಂದಿನ ಹೆಜ್ಜೆ ತೋಚದೆ ಸಿಕ್ಕಿಕೊಂಡಾಗ ಮಗು ಪೆನ್ಸಿಲ್ ಕೆಳಗಿಡುವುದಿಲ್ಲ. ತನಗೆ ಗೊತ್ತಿರುವುದರಲ್ಲೇ ಏನೋ ಒಂದು ರಿಪೇರಿ ಮಾಡಿಕೊಂಡು ಮುಂದೆ ಹೋಗುತ್ತದೆ. ಒಂದೇ ಮಗು ಈ ವಾರ ಒಂದು ಥರ, ಮುಂದಿನ ವಾರ ಇನ್ನೊಂದು ಥರ ರಿಪೇರಿ ಮಾಡಬಹುದು.

ನನಗೆ ಈ ಮಾತು ತುಂಬ ಮುಖ್ಯ ಅನ್ನಿಸುತ್ತದೆ. ತಪ್ಪು ಮಾಡಿದ ಮಗು ಯೋಚನೆ ನಿಲ್ಲಿಸಿಲ್ಲ. ಯೋಚಿಸಿದ್ದರಿಂದಲೇ ಆ ತಪ್ಪು ಹುಟ್ಟಿದೆ.

ತಿರುಗಿಸಿ ಕಳೆಯುವ ಅಭ್ಯಾಸ ಎಲ್ಲಿಂದ ಬರುತ್ತದೆ?

ಐದರಲ್ಲಿ ತುಂಬ ಸಲ ಕಾಣುವ ಒಂದು ತಪ್ಪು ಮೊದಲನೆಯದು, ತಿರುಗಿಸಿ ಕಳೆಯೋದು. ಅದರ ಬೇರು ನಾವು ಕಲಿಸುವ ಕ್ರಮದಲ್ಲೇ ಇದೆ. ಮೊದಲು ವಾರಗಟ್ಟಲೆ 68 ಕಳೆ 23, 74 ಕಳೆ 31 ಥರದ ಲೆಕ್ಕಗಳನ್ನು ಮಾಡಿಸುತ್ತೇವೆ. ಪಠ್ಯದ ಭಾಷೆಯಲ್ಲಿ ಇದು ದಶಕ ರಹಿತ ವ್ಯವಕಲನ. ಇದರಲ್ಲಿ ಮೇಲಿನ ಅಂಕಿ ಯಾವಾಗಲೂ ದೊಡ್ಡದು. ಮಗುವಿಗೆ 68 ಅನ್ನೋದು ಅರವತ್ತೆಂಟು ಅಂತ ಗೊತ್ತಿರಬೇಕಾದ ಅಗತ್ಯವೇ ಬೀಳುವುದಿಲ್ಲ. 6 ಮತ್ತು 8 ಅಕ್ಕಪಕ್ಕ ನಿಂತಿರುವ ಎರಡು ಬಿಡಿ ಅಂಕಿ ಅಂದುಕೊಂಡರೂ ಉತ್ತರ ಸರಿ ಬರುತ್ತದೆ. ಎರಡು ಅಂಕಿಗಳ ವ್ಯತ್ಯಾಸ ಬರೆದರೆ ಸಾಕು, ಮೆಚ್ಚುಗೆ ಸಿಗುತ್ತದೆ. ಜೊತೆಗೆ ಕೂಡುವಾಗ 3ಕ್ಕೆ 5 ಸೇರಿಸಿದರೂ 5ಕ್ಕೆ 3 ಸೇರಿಸಿದರೂ ಒಂದೇ. ಕಳೆಯುವಾಗಲೂ ಹಾಗೇ ಇರಬೇಕು ಅಂತ ಮಗು ಅಂದುಕೊಂಡರೆ ಅದರಲ್ಲಿ ಆಶ್ಚರ್ಯ ಏನಿದೆ?

"ಚಿಕ್ಕದರಿಂದ ದೊಡ್ಡದನ್ನು ಕಳೆಯೋಕೆ ಆಗಲ್ಲ" ಅನ್ನುವ ನಮ್ಮ ಮಾತೂ ಇದಕ್ಕೆ ನೀರೆರೆಯುತ್ತದೆ. ಆಗಲ್ಲ ಅಂದ ಮೇಲೆ ಮಗು ಆಗುವ ಹಾಗೆ ಮಾಡಿಕೊಳ್ಳುತ್ತದೆ. ಮುಂದೆ ಋಣ ಸಂಖ್ಯೆ ಬಂದಾಗ ಆ ಮಾತು ಸುಳ್ಳಾಗುತ್ತದೆ ಅನ್ನೋದು ಬೇರೆ. 52ರಿಂದ 38 ಕಳೆಯುವಾಗ "52ರಲ್ಲಿ 2 ಬಿಡಿ ಬಿಡಿಯಾಗಿ ಇದೆ. ನಮಗೆ 8 ಬೇಕು. ಇನ್ನಷ್ಟು ಬಿಡಿ ಎಲ್ಲಿ ಸಿಗುತ್ತೆ?" ಅಂತ ಕೇಳಿದರೆ ಸುಳ್ಳೂ ಇಲ್ಲ, ದಾರಿಯೂ ಕಾಣುತ್ತದೆ.

ಹಾಗಾಗಿ ದಶಕ ಒಡೆಯುವ, ಅಂದರೆ ಒಂದು ಹತ್ತನ್ನು ಹತ್ತು ಬಿಡಿ ಮಾಡಿಕೊಳ್ಳಬೇಕಾದ ಲೆಕ್ಕವನ್ನು ಕೊನೆಗೆ ಅಂತ ಎತ್ತಿಡುವುದು ಬೇಡ ಅನ್ನೋದು ನನ್ನ ಅಭಿಪ್ರಾಯ. ಕೈಯಲ್ಲಿ ಕಡ್ಡಿ ಇಟ್ಟುಕೊಂಡು ಮೊದಲ ವಾರದಲ್ಲೇ ಎರಡೂ ಥರದ ಲೆಕ್ಕ ಬೆರೆಸಿ ಕೊಡಬಹುದು. ಬೆರೆಸದೆ ಇದ್ದರೆ ಇನ್ನೊಂದು ತೊಂದರೆಯೂ ಇದೆ. ಪುಟಗಟ್ಟಲೆ ದಶಕ ಒಡೆಯುವ ಲೆಕ್ಕವನ್ನೇ ಮಾಡಿದ ಮಗು ಬೇಡದ ಕಡೆಯಲ್ಲೂ ಒಡೆಯುತ್ತದೆ. 68 ಕಳೆ 23ರಲ್ಲಿ 8 ಅನ್ನು 18 ಮಾಡಿ, 3 ಕಳೆದು 15 ಬರೆದು, 5ರಿಂದ 2 ಕಳೆದು ಪಕ್ಕದಲ್ಲಿ 3 ಬರೆದರೆ ಉತ್ತರ 315! ಇರುವುದೇ 68, ಅದರಲ್ಲಿ ಕಳೆದ ಮೇಲೆ 315 ಹೇಗೆ ಉಳಿಯುತ್ತದೆ ಅಂತ ಅದು ಕೇಳಿಕೊಳ್ಳುವುದಿಲ್ಲ. ಅಷ್ಟು ಹೊತ್ತಿಗೆ ಲೆಕ್ಕ ಅಂದರೆ ಬರೀ ಅಂಕಿಗಳನ್ನು ಹೊಡೆದು ಬರೆಯುವ ಕೆಲಸ ಆಗಿಬಿಟ್ಟಿರುತ್ತದೆ.

ಸಾಲ ಅನ್ನುವ ಪದ

ನಾವೆಲ್ಲ ಕಲಿತದ್ದು "ಪಕ್ಕದ ಮನೆಯಿಂದ ಸಾಲ ತಗೋ" ಅಂತ. ಕೇಳೋಕೆ ಚೆನ್ನಾಗಿದೆ, ನೆನಪಲ್ಲೂ ಉಳಿಯುತ್ತದೆ. ಆದರೆ ಸಾಲ ಅಂದರೆ ತೀರಿಸಬೇಕು ಅಲ್ವಾ? ಇಲ್ಲಿ ಯಾರೂ ಏನೂ ತೀರಿಸುವುದಿಲ್ಲ. ಪಕ್ಕದ ಮನೆಯಿಂದ 1 ತಂದರೆ ಇಲ್ಲಿಗೆ ಬರುವಾಗ 10 ಆಗುವುದು ಹೇಗೆ? ಯೋಚಿಸುವ ಮಗು ಈ ಎರಡು ಪ್ರಶ್ನೆ ಕೇಳಿಯೇ ಕೇಳುತ್ತದೆ. ಸಾಲದ ಕಥೆಯಲ್ಲಿ ಅದಕ್ಕೆ ಉತ್ತರ ಇಲ್ಲ.

ಸಾಲ ತಂದು ತೀರಿಸುವ ಇನ್ನೊಂದು ವಿಧಾನ ನಿಜವಾಗಿಯೂ ಇದೆ. 52 ಕಳೆ 38ರಲ್ಲಿ ಮೇಲಿನ 2ಕ್ಕೆ ಹತ್ತು ಸೇರಿಸಿ 12 ಮಾಡುತ್ತಾರೆ. ಅದಕ್ಕೆ ಬದಲಾಗಿ ಕೆಳಗಿನ 3 ಹತ್ತನ್ನು 4 ಹತ್ತು ಮಾಡುತ್ತಾರೆ. 12ರಿಂದ 8 ಹೋದರೆ 4, 5ರಿಂದ 4 ಹೋದರೆ 1. ಉತ್ತರ 14. ಎರಡು ಸಂಖ್ಯೆಗೂ ಸಮನಾಗಿ ಹತ್ತು ಸೇರಿಸಿದರೆ ವ್ಯತ್ಯಾಸ ಬದಲಾಗುವುದಿಲ್ಲ ಅನ್ನುವುದು ಇದರ ಕಾರಣ. ಇದರಲ್ಲಿ ಸಾಲವೂ ಇದೆ, ತೀರಿಸುವುದೂ ಇದೆ. ಈಗ ಹೆಚ್ಚಿನ ಕಡೆ ಕಲಿಸುವುದು ಈ ವಿಧಾನ ಅಲ್ಲ. ಮೇಲಿನ ಸಂಖ್ಯೆಯಲ್ಲೇ ಒಂದು ಹತ್ತನ್ನು ಒಡೆಯುವ ವಿಧಾನ.

ಅಮೆರಿಕದ ಸಂಶೋಧಕರಾದ ವಿಲಿಯಂ ಬ್ರೌನೆಲ್ ಮತ್ತು ಹೆರಾಲ್ಡ್ ಮೋಸರ್ 1949ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರನೇ ತರಗತಿಯ ಮಕ್ಕಳಿಗೆ ಈ ಎರಡೂ ವಿಧಾನ ಕಲಿಸಿ ನೋಡಿದ್ದರು. ಕೆಲವು ಗುಂಪಿಗೆ ಅರ್ಥ ಬಿಡಿಸಿ ಕಲಿಸಿದರು, ಕೆಲವು ಗುಂಪಿಗೆ ಬರೀ ಹೆಜ್ಜೆ ಕಲಿಸಿದರು. ಅರ್ಥದ ಜೊತೆ ಕಲಿಸಿದಾಗ ಒಡೆಯುವ ವಿಧಾನ ಮುಂದೆ ಬಂತು. ಬರೀ ಯಾಂತ್ರಿಕವಾಗಿ ಕಲಿಸಿದಾಗ ಆ ಲಾಭ ಇರಲಿಲ್ಲ. ಅಂದರೆ ಒಡೆಯುವ ವಿಧಾನವನ್ನು ಅರ್ಥ ಬಿಟ್ಟು ಕಲಿಸಿದರೆ ಅದನ್ನು ಆರಿಸಿದ ಕಾರಣವೇ ಹೋಗಿಬಿಡುತ್ತದೆ.

1999ರಲ್ಲಿ ಲಿಪಿಂಗ್ ಮಾ ಅನ್ನುವ ಸಂಶೋಧಕಿ ಅಮೆರಿಕದ 23 ಮತ್ತು ಚೀನಾದ 72 ಶಿಕ್ಷಕರ ಜೊತೆ ಮಾತಾಡಿ ಮಾಡಿದ ಅಧ್ಯಯನ ಬಂತು. ಇಂಥ ಲೆಕ್ಕ ಹೇಗೆ ಕಲಿಸುತ್ತೀರಿ ಅನ್ನೋದು ಅದರ ಒಂದು ಪ್ರಶ್ನೆ. ಅಮೆರಿಕದ ಹೆಚ್ಚಿನವರು ಸಾಲ ತರುವ ಹೆಜ್ಜೆಗಳನ್ನು ಹೇಳಿದರು. ಚೀನಾದ ಹೆಚ್ಚಿನವರು ದೊಡ್ಡ ಘಟಕವನ್ನು ಒಡೆದು ಚಿಕ್ಕದು ಮಾಡುವುದರ ಬಗ್ಗೆ ಹೇಳಿದರು. ಎರಡರ ನಡುವೆ ಇರುವುದು ಒಂದು ಪದದ ವ್ಯತ್ಯಾಸ. ಆದರೆ ಕ್ಲಾಸಿನಲ್ಲಿ ದಿನಾ ಬಳಸುವ ಪದವೇ ಮಗುವಿನ ತಲೆಯಲ್ಲಿ ಚಿತ್ರವಾಗುತ್ತದೆ. "ಒಂದು ಹತ್ತನ್ನು ಬಿಚ್ಚಿ ಹತ್ತು ಬಿಡಿ ಮಾಡು" ಅನ್ನೋಣ. ಸಾಲ ಬೇಡ.

ಕಡ್ಡಿಯೂ ಪೆನ್ಸಿಲ್ಲೂ ಒಟ್ಟಿಗೆ

ಹತ್ತು ಕಡ್ಡಿಗೆ ಒಂದು ದಾರ ಸುತ್ತಿದರೆ ಒಂದು ಕಟ್ಟು. ಇಂಥ ಹತ್ತು ಕಟ್ಟು ಸೇರಿದರೆ ನೂರರ ದೊಡ್ಡ ಕಟ್ಟು. ಇದಕ್ಕಿಂತ ಒಳ್ಳೆಯ ಸಾಧನ ಬೇಕಿಲ್ಲ, ಏಕೆಂದರೆ ಇದನ್ನು ಮಗು ತನ್ನ ಕೈಯಾರೆ ಬಿಚ್ಚಬಹುದು.

52 ಕಳೆ 38 ಮಾಡುವಾಗ 52 ಮಾತ್ರ ಇಡಿ: ಐದು ಕಟ್ಟು, ಎರಡು ಬಿಡಿ. ಮಕ್ಕಳು ಎಷ್ಟೋ ಸಲ 38ನ್ನೂ ಬೇರೆಯಾಗಿ ಇಡುತ್ತಾರೆ. ಆಮೇಲೆ ಯಾವುದರಿಂದ ಯಾವುದನ್ನು ತೆಗೆಯಬೇಕು ಅಂತ ತಿಳಿಯದೆ ಎಲ್ಲ ಕಲಸುಮೇಲೋಗರ ಆಗುತ್ತದೆ. ಆ 38 ಬರಬೇಕಾದದ್ದು 52ರ ಒಳಗಿಂದಲೇ. "ಎಂಟು ಬಿಡಿ ಕೊಡು" ಅನ್ನಿ. ಮಗು ಎರಡು ಎತ್ತಿಕೊಂಡು ಕೈ ನಿಲ್ಲಿಸುತ್ತದೆ. ಕಟ್ಟಿನ ಕಡೆ ನೋಡುತ್ತದೆ. ಆಗ ಸುಮ್ಮನಿರಿ. ಬಿಚ್ಚಬಹುದಾ ಅಂತ ಅದೇ ಕೇಳಲಿ. ಬಿಚ್ಚಿದ ಮೇಲೆ ಎಣಿಸಲಿ: ನಾಲ್ಕು ಕಟ್ಟು, ಹನ್ನೆರಡು ಬಿಡಿ. "ಈಗ ಒಟ್ಟು ಎಷ್ಟು ಕಡ್ಡಿ ಇದೆ?" ಅಂತ ಕೇಳಿ. ಇನ್ನೂ 52 ಅಂತ ತಕ್ಷಣ ಹೇಳಿದ ಮಗುವಿಗೆ ಅರ್ಧ ವಿಷಯ ಬಂದಂತೆ. ಮತ್ತೆ ಮೊದಲಿನಿಂದ ಎಣಿಸಲು ಹೊರಟ ಮಗುವಿಗೆ ಇನ್ನಷ್ಟು ದಿನ ಕಡ್ಡಿ ಬೇಕು. ನೀವು ಕೇಳಬಹುದಾದ ಅತಿ ಮುಖ್ಯ ಪ್ರಶ್ನೆ ಇದೇ ಇರಬಹುದು.

ಇನ್ನೊಂದು ಕಡೆ ಎಡವುತ್ತೇವೆ. ಒಂದು ವಾರ ಕಡ್ಡಿ ಕೊಟ್ಟು, ಮುಂದಿನ ವಾರ ಕಡ್ಡಿ ಒಳಗಿಟ್ಟು ಪುಸ್ತಕ ತೆಗೆಸುತ್ತೇವೆ. ಮಗುವಿನ ಪಾಲಿಗೆ ಕಡ್ಡಿಯ ಲೆಕ್ಕ ಒಂದು, ಪುಸ್ತಕದ ಲೆಕ್ಕ ಇನ್ನೊಂದು ಆಗಿಬಿಡುತ್ತದೆ. ಎರಡೂ ಒಟ್ಟಿಗೆ ನಡೆಯಬೇಕು. ದಾರ ಬಿಚ್ಚಿದ ಕ್ಷಣದಲ್ಲೇ ಪೆನ್ಸಿಲ್ 5ನ್ನು ಹೊಡೆದು 4 ಬರೆಯಬೇಕು. ಬಿಡಿ ಕಡ್ಡಿ ರಾಶಿಗೆ ಸೇರಿದಾಗಲೇ 2ರ ಜಾಗದಲ್ಲಿ 12 ಬರೆಯಬೇಕು. ಹೀಗೆ ಮಾಡಿದರೆ ಹೊಡೆದ ಪ್ರತಿ ಅಂಕಿಗೂ ಒಂದು ಬಿಚ್ಚಿದ ದಾರ ನೆನಪಿರುತ್ತದೆ.

ಕನ್ನಡದ ಸಂಖ್ಯೆಗಳ ಹೆಸರೂ ಇಲ್ಲಿ ಸ್ವಲ್ಪ ಸಹಾಯ ಮಾಡುತ್ತದೆ. ಹನ್ನೆರಡು, ಹದಿಮೂರು ಅನ್ನುವಾಗ ಮೊದಲು ಹತ್ತು, ಆಮೇಲೆ ಬಿಡಿ ಕೇಳಿಸುತ್ತದೆ. ಆದರೆ ಐನೂರ ಮೂರು ಅನ್ನುವಾಗ ಹತ್ತರ ಮನೆಯ ಸೊನ್ನೆ ಬಾಯಲ್ಲಿ ಬರುವುದೇ ಇಲ್ಲ. ಕೇಳಿಸದ ಸೊನ್ನೆ ಮಗುವಿಗೆ ಕಾಣಿಸದೆ ಹೋಗುವುದೂ ಸಹಜ.

ಸೊನ್ನೆಯ ಲೆಕ್ಕಕ್ಕೆ ಬರೋಣ. 503 ಅಂದರೆ ಐದು ದೊಡ್ಡ ಕಟ್ಟು, ಮೂರು ಬಿಡಿ. ಏಳು ಬಿಡಿ ಬೇಕು. ಚಿಕ್ಕ ಕಟ್ಟು ಒಂದೂ ಇಲ್ಲ. ದೊಡ್ಡ ಕಟ್ಟು ಬಿಚ್ಚಿದರೆ ಸಿಗುವುದು ಬಿಡಿ ಕಡ್ಡಿ ಅಲ್ಲ, ಹತ್ತು ಚಿಕ್ಕ ಕಟ್ಟು. ಅದರಲ್ಲಿ ಒಂದನ್ನು ಬಿಚ್ಚಿದರೆ ಉಳಿಯುವುದು ಒಂಬತ್ತು. ಸೊನ್ನೆ ಹೋಗಿ 9 ಬರುವ ಗುಟ್ಟು ಇಷ್ಟೇ. 503 ಈಗ 400, 90 ಮತ್ತು 13 ಆಗಿ ನಿಂತಿದೆ. ಕೂಡಿ ನೋಡಿದರೆ ಮತ್ತೆ 503. ದಾರ ಬಿಚ್ಚಿದ್ದು ಎರಡು ಸಲ, ಹಾಗಾಗಿ ಹೊಡೆದು ಬರೆಯುವುದೂ ಎರಡು ಸಲ. ಇದನ್ನು ಕೈಯಲ್ಲಿ ಮಾಡಿದ ಮಗು 5ನ್ನು ಹಾಗೇ ಬಿಟ್ಟು 336 ಬರೆಯುವುದು ಕಷ್ಟ, ಏಕೆಂದರೆ ಐದನೇ ದೊಡ್ಡ ಕಟ್ಟು ಕಣ್ಣೆದುರೇ ಬಿಚ್ಚಿ ಬಿದ್ದಿರುತ್ತದೆ.

ಇದೇ ಲೆಕ್ಕವನ್ನು ಏನೂ ಒಡೆಯದೆ ಮಾಡಬಹುದು. ಎರಡರಿಂದಲೂ 4 ತೆಗೆಯಿರಿ: 499 ಕಳೆ 263. ಉತ್ತರ ಅದೇ 236. ಇಲ್ಲವೇ 267ರಿಂದ ಮೇಲಕ್ಕೆ ನಡೆಯಿರಿ: 270ಕ್ಕೆ 3, 300ಕ್ಕೆ 30, 500ಕ್ಕೆ 200, ಆಮೇಲೆ 3. ಒಟ್ಟು 236. ಒಂದು ಗೆರೆ ಎಳೆದು ಈ ನಾಲ್ಕು ನೆಗೆತ ತೋರಿಸಿದರೆ ಕಳೆಯುವುದು ಅಂದರೆ ಎರಡು ಸಂಖ್ಯೆಯ ನಡುವಿನ ದೂರವೂ ಹೌದು ಅನ್ನೋದು ಕಾಣುತ್ತದೆ. ಕೆಲವು ಮಕ್ಕಳು ಯಾರೂ ಹೇಳಿಕೊಡದೆ 52 ಕಳೆ 38ನ್ನು ಹೀಗೆ ಮಾಡುತ್ತಾರೆ: "50ರಿಂದ 30 ಹೋದರೆ 20. 2ರಿಂದ 8 ಕಳೆಯಬೇಕು, 6 ಕಡಿಮೆ ಬಿತ್ತು. 20ರಿಂದ 6 ತೆಗೆದರೆ 14." ಇದು ಪೂರ್ತಿ ಸರಿ. ಪುಸ್ತಕದ ದಾರಿ ಅಲ್ಲ ಅಂತ ಅಂಕ ಕಡಿಯುವುದು ಆ ಮಗುವಿಗೆ ಮಾಡುವ ಅನ್ಯಾಯ.

ಅಂಕ ಏನು ಹೇಳುತ್ತದೆ, ಏನು ಮುಚ್ಚಿಡುತ್ತದೆ

ಹತ್ತು ಲೆಕ್ಕದ ಒಂದು ಟೆಸ್ಟ್ ಅಂದುಕೊಳ್ಳಿ. ಆರರಲ್ಲಿ ದಶಕ ಒಡೆಯುವ ಅಗತ್ಯ ಇಲ್ಲ, ನಾಲ್ಕರಲ್ಲಿ ಇದೆ. ಎಲ್ಲವನ್ನೂ ತಿರುಗಿಸಿ ಕಳೆಯುವ ಮಗುವಿಗೆ 6 ಅಂಕ. ಇನ್ನೊಂದು ಮಗುವಿಗೆ ಒಡೆಯುವುದು ಪೂರ್ತಿ ಅರ್ಥವಾಗಿದೆ. ಆದರೆ 13ರಿಂದ 7 ಹೋದರೆ 5 ಅನ್ನುವ ಥರ ಎಣಿಕೆಯಲ್ಲಿ ನಾಲ್ಕು ಕಡೆ ತಪ್ಪುತ್ತದೆ. ಅದು 503 ಕಳೆ 267ಕ್ಕೆ 235 ಬರೆಯುತ್ತದೆ. ಅದಕ್ಕೂ 6 ಅಂಕ. ಮೊದಲ ಮಗುವಿಗೆ ಕಡ್ಡಿ ಕಟ್ಟು ಬೇಕು. ಎರಡನೆಯದಕ್ಕೆ ಇಪ್ಪತ್ತರೊಳಗಿನ ಬಾಯಿಲೆಕ್ಕ ಸಾಕು. ಹತ್ತಕ್ಕೆ ಆರು ಅನ್ನುವ ಸಂಖ್ಯೆ ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ.

ಹಾಗಾಗಿ ಟೆಸ್ಟಿಗೆ ಲೆಕ್ಕ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. 68 ಕಳೆ 23 ಇರಲಿ, ಬೇಡದ ಕಡೆ ಒಡೆಯುವವರು ಅಲ್ಲಿ ಸಿಗುತ್ತಾರೆ. 90 ಕಳೆ 47 ಇರಲಿ. ಅದಕ್ಕೆ 57 ಬಂದರೆ ತಿರುಗಿಸಿದ್ದಾರೆ, 50 ಬಂದರೆ ಸೊನ್ನೆಯಿಂದ ಕಳೆದರೆ ಸೊನ್ನೆ ಅಂದುಕೊಂಡಿದ್ದಾರೆ. 625 ಕಳೆ 371ರಲ್ಲಿ ಹತ್ತರ ಸ್ಥಾನದಲ್ಲಿ ಮಾತ್ರ ಕೊರತೆ ಬೀಳುತ್ತದೆ, ನೂರನ್ನು ಒಡೆಯಲು ಬರುತ್ತದೋ ಇಲ್ಲವೋ ಅಲ್ಲಿ ತಿಳಿಯುತ್ತದೆ. 345 ಕಳೆ 21ನ್ನು ಅಡ್ಡಸಾಲಿನಲ್ಲಿ ಕೊಡಿ, ಮಗುವೇ ಒಂದರ ಕೆಳಗೊಂದು ಬರೆದುಕೊಳ್ಳಲಿ. 21ನ್ನು ಎಡಕ್ಕೆ ಸರಿಸಿ ಬರೆದರೆ ಉತ್ತರ 135 ಬರುತ್ತದೆ, ಸ್ಥಾನಬೆಲೆಯ ತೊಂದರೆ ತಕ್ಷಣ ಗೊತ್ತಾಗುತ್ತದೆ. ನಡುವೆ ಸೊನ್ನೆ ಇರುವ ಲೆಕ್ಕ ಎರಡಾದರೂ ಬೇಕು. ಒಂದೇ ಸಲ ಆದ ತಪ್ಪು ಕೈತಪ್ಪೂ ಆಗಿರಬಹುದು. ಅದೇ ತಪ್ಪು ಎರಡು ಕಡೆ ಬಂದರೆ ಅದು ನಿಯಮ.

ಆಯ್ಕೆಯ ಪ್ರಶ್ನೆ ಕೊಡಲೇಬೇಕಾದರೆ 236ರ ಜೊತೆಗೆ 364, 336, 146 ಇಡಿ. ಬಾಯಿಗೆ ಬಂದ ಸಂಖ್ಯೆ ಇಟ್ಟರೆ ತಪ್ಪು ಉತ್ತರದಿಂದ ಏನೂ ತಿಳಿಯುವುದಿಲ್ಲ.

ಟೈಮ್ ಇಟ್ಟು ಮಾಡಿಸುವ ಟೆಸ್ಟ್ ಈ ಹಂತದಲ್ಲಿ ಬೇಡವೇ ಬೇಡ. ಅವಸರದಲ್ಲಿ ಮಗು ಹೆಚ್ಚು ರೂಢಿ ಇರುವ ದಾರಿಗೇ ಬೀಳುತ್ತದೆ. ಅಲ್ಲಿ ನಾವು ನೋಡುವುದು ವೇಗ, ತಿಳಿವಳಿಕೆ ಅಲ್ಲ.

ಮಾತಿನ ಲೆಕ್ಕದ್ದು ಬೇರೆಯೇ ತೊಡಕು. "ಅಕ್ಕನ ಹತ್ತಿರ 34 ಮಣಿ ಇದೆ. ಅದು ತಮ್ಮನ ಹತ್ತಿರ ಇರುವುದಕ್ಕಿಂತ 16 ಜಾಸ್ತಿ. ತಮ್ಮನ ಹತ್ತಿರ ಎಷ್ಟಿದೆ?" ಜಾಸ್ತಿ ಅನ್ನುವ ಪದ ಕಂಡರೆ ಕೂಡು ಅಂತ ಕಲಿತ ಮಗು 50 ಅನ್ನುತ್ತದೆ. ಇದು ಕಳೆಯಲು ಬಾರದ ತಪ್ಪಲ್ಲ, ಪದ ನೋಡಿ ಲೆಕ್ಕ ಮಾಡುವ ಅಭ್ಯಾಸದ ತಪ್ಪು. ಇದನ್ನು ಬೇರೆಯಾಗಿಯೇ ಗುರುತಿಸಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಕಾಗದ ಹೇಳದ ಮಾತು ಉಳಿದಿರುತ್ತದೆ. ಅದಕ್ಕೆ ಎರಡು ನಿಮಿಷ ಪಕ್ಕದಲ್ಲಿ ಕೂತು "ಹೇಗೆ ಮಾಡಿದೆ, ಹೇಳು" ಅನ್ನಬೇಕು. ಸರಿ ಉತ್ತರ ಬರೆದ ಮಕ್ಕಳನ್ನೂ ಕೇಳಬೇಕು. ತಪ್ಪಾದಾಗ ಮಾತ್ರ ಕೇಳಿದರೆ, ಕೇಳಿದರು ಅಂದರೆ ತಪ್ಪು ಅಂತಲೇ ಮಗು ತಿಳಿದುಕೊಳ್ಳುತ್ತದೆ, ತಕ್ಷಣ ಅಳಿಸಲು ಹೊರಡುತ್ತದೆ. ಸರಿ ಮಾಡಿದ ಮಗುವಿನ ಬಾಯಲ್ಲಿ "ಸೊನ್ನೆ ಇದ್ದರೆ 9 ಹಾಕಬೇಕು ಅಂತ ಹೇಳಿದ್ದಾರೆ" ಅನ್ನುವ ಮಾತು ಬಂದರೆ ಅದನ್ನೂ ಬರೆದಿಟ್ಟುಕೊಳ್ಳಿ.

336 ಬರೆದ ಮಗುವಿನ ಪಕ್ಕ ಕೂತಿದ್ದೀರಿ ಅಂದುಕೊಳ್ಳಿ. ತಪ್ಪು ಅಂತ ಹೇಳಬೇಡಿ. "336ಕ್ಕೆ 267 ಕೂಡಿ ತಾಳೆ ನೋಡು" ಅನ್ನಿ. 603 ಬರುತ್ತದೆ. ಮಗು ಮೇಲಿನ 503 ನೋಡುತ್ತದೆ, ಮತ್ತೆ 603 ನೋಡುತ್ತದೆ. "ನೂರು ಜಾಸ್ತಿ ಆಯ್ತು" ಅನ್ನುತ್ತದೆ. "ಆ ನೂರು ಎಲ್ಲಿ ಉಳಿದುಕೊಂಡಿತು?" ಅಂತ ಕೇಳಿ ಕಾಯಿರಿ. ಹೊಡೆದು ಬರೆದ 9ರ ಮೇಲೆ ಬೆರಳು ಹೋಗುತ್ತದೆ, ಅಲ್ಲಿಂದ ಎಡಕ್ಕೆ 5ರ ಹತ್ತಿರ. ಆ ದಿನದ ಪುಸ್ತಕದಲ್ಲಿ ಅಂಕದ ಬದಲು ಒಂದು ಸಾಲು ಬರೆಯಿರಿ: "ಸೊನ್ನೆಯನ್ನು 9 ಮಾಡುತ್ತದೆ, ನೂರನ್ನು ಒಡೆಯಲು ಮರೆಯುತ್ತದೆ. ತಾಳೆ ನೋಡಿ ತಾನೇ ಕಂಡುಹಿಡಿಯಿತು." ಮಾರನೇ ದಿನಕ್ಕೆ ಮೂರೇ ಲೆಕ್ಕ ಸಾಕು: 402 ಕಳೆ 158, 700 ಕಳೆ 325, 1004 ಕಳೆ 6. ಮೊದಲನೆಯದಕ್ಕೆ 344, ಎರಡನೆಯದಕ್ಕೆ 475 ಬಂದರೆ ಹಳೆಯ ನಿಯಮ ಇನ್ನೂ ಇದೆ, ಮತ್ತೆ ಕಡ್ಡಿ ತೆಗೆಯಿರಿ. 244 ಮತ್ತು 375 ಬಂದರೆ ಮೂರನೆಯದನ್ನು ಪೆನ್ಸಿಲ್ ಇಲ್ಲದೆ ಮಾಡಲು ಹೇಳಿ, ಯಾವ ದಾರಿ ಹಿಡಿಯುತ್ತದೆ ನೋಡಿ.